ಹನ್ನೊಂದು ಮನೆಗಳ ಉತ್ತರ

ಫೆಬ್ರವರಿ 3, ಸೋಮವಾರ

ಮೊಮ್ಮಗಳು ಎರಡು ನೋಟುಬುಕ್ಕು ಕೊಟ್ಟು ಹೋಗಿದ್ದಾಳೆ. ಒಂದು ಅವಳ ಸಮೀಕ್ಷೆಗೆ. ಇನ್ನೊಂದು ಹೆಚ್ಚಾಗಿ ಬಂದದ್ದು, ಅದು ನನಗೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕಾಗುಣಿತ ತಿದ್ದುವ ಮೇಷ್ಟ್ರು ಸತ್ತು ಐವತ್ತು ವರ್ಷವಾಯಿತು, ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ.

ಇವಳು ನನ್ನ ಮಗಳ ಮಗಳು, ಹಾಸ್ಟೆಲ್ಲಿನಲ್ಲಿದ್ದಾಳೆ. ಸಮಾಜಶಾಸ್ತ್ರ ಓದಿದ್ದಾಳೆ. ಆರು ವರ್ಷ ಓದಿ ಕಲಿತದ್ದು ಏನೆಂದರೆ ಕಂಡವರ ಮನೆಗೆ ಹೋಗಿ ನಿಮ್ಮಲ್ಲಿ ಪಾತ್ರೆ ತೊಳೆಯುವವರು ಯಾರು ಎಂದು ಕೇಳುವುದು. ನಾನು ಓದದೆಯೇ ಈ ಕೆಲಸವನ್ನು ಜನ್ಮವಿಡೀ ಮಾಡಿದ್ದೇನೆ, ಒಬ್ಬರೂ ಸರ್ಟಿಫಿಕೇಟು ಕೊಡಲಿಲ್ಲ. ಈಗ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವಳಿಗೆ ತಾತ್ಕಾಲಿಕ ಕೆಲಸ. ಮಾರ್ಚ್ ಒಂದನೇ ತಾರೀಕಿಗೆ ಕಾಯಂ ಮಾಡುತ್ತಾರೋ ಮನೆಗೆ ಕಳಿಸುತ್ತಾರೋ ತೀರ್ಮಾನ. ತಂದೆಯಿಲ್ಲದ ಹುಡುಗಿ. ಅವಳ ತಾಯಿಯ ಆಸ್ಪತ್ರೆ ಖರ್ಚೆಲ್ಲ ಈ ಕೆಲಸದ ಮೇಲೆ ನಿಂತಿದೆ.

ನಮ್ಮ ಕಟ್ಟಡದ ಕೆಳಗಿನ ಹಾಲಿನಲ್ಲಿ ನಗರಸಭೆಯ ಶಿಶುವಿಹಾರವಿದೆ. ಬೆಳಿಗ್ಗೆ ಎಂಟರಿಂದ ಸಾಯಂಕಾಲ ಐದರವರೆಗೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅದನ್ನು ಇಟ್ಟುಕೊಳ್ಳಬೇಕೋ ಮುಚ್ಚಬೇಕೋ ಎಂದು ನಗರಸಭೆಯವರು ಇವಳ ಸಂಸ್ಥೆಯನ್ನು ಕೇಳಿದ್ದಾರಂತೆ. ಮಕ್ಕಳು ಬರುತ್ತಾರೆ ಸರಿ, ಇಲ್ಲದಿದ್ದರೂ ನಡೆದೀತೇ ಎನ್ನುವುದು ಅವರ ಪ್ರಶ್ನೆ.

"ಬಾಗಿಲೇ ತೆಗೀತಿಲ್ಲ ಅಜ್ಜಿ ನಿಮ್ಮ ಕಟ್ಟಡದಲ್ಲಿ. ವಿಮೆ ಮಾರೋಳು ಅನ್ಕೊಂಡಿದ್ದಾರೆ ನನ್ನ."

"ಆ ಬ್ಯಾಗು ನೋಡಿದ್ರೆ ನಾನೂ ತೆಗೀತಿರ್ಲಿಲ್ಲ."

"ನೀನು ಹೋದ್ರೆ ಮಾತಾಡ್ತಾರೆ. ನಮ್ಮ ಆಫೀಸಿನ ಮೇಡಮ್ಮನ್ನ ಒಪ್ಪಿಸಿದ್ದೀನಿ. ಸ್ಥಳೀಯ ಸಹಾಯಕಿ ಅಂತ ನಿನ್ನ ಹೆಸರು ಬರೆಸಿದ್ದೀನಿ."

ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳು ಹತ್ತೊಂಬತ್ತು. ಮನೆಗೊಂದು ಫಾರಂ, ಫಾರಮ್ಮಿಗೆ ಮೂವತ್ತೊಂದು ಪ್ರಶ್ನೆ. ಮಗುವಿನ ತಾಯಿಯನ್ನೇ ಕೇಳಬೇಕು, ಅವಳೊಬ್ಬಳೇ ಇದ್ದಾಗ ಕೇಳಬೇಕು, ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು.

"ಮತ್ತೆ ಅಜ್ಜಿ, ನಿನ್ನ ಅಭಿಪ್ರಾಯ ಬೇಡ."

"ನನ್ನ ಅಭಿಪ್ರಾಯ ಬೇಡ ಅಂದ್ಮೇಲೆ ನಾನ್ಯಾಕೆ ಬೇಕು?" ಎಂದೆ. ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಫೆಬ್ರವರಿ 5, ಬುಧವಾರ

ಎರಡು ದಿನಕ್ಕೆ ಎಂಟು ಮನೆ ಮುಗಿಸಿದೆ. ಎಲ್ಲ ಒಂದು, ಎರಡನೇ ಮಹಡಿ. ಹಗಲು ಮನೆಯಲ್ಲಿರುವವರು.

ಹದಿನಾಲ್ಕನೇ ಪ್ರಶ್ನೆ ನೋಡಬೇಕು. ದಿನದಲ್ಲಿ ನಿಮಗಾಗಿ ಎಷ್ಟು ಹೊತ್ತು ಸಿಗುತ್ತದೆ ಎಂದು. ಕಾವಲುಗಾರನ ಹೆಂಡತಿ ಸ್ವಲ್ಪ ಯೋಚನೆ ಮಾಡಿ, "ಸ್ನಾನ ಸೇರಿಸ್ಲಾ ಬೇಡ್ವಾ ಅಜ್ಜಿ?" ಅಂದಳು.

"ಚಿಲಕ ಹಾಕ್ಕೊತೀಯಾ?"

"ಹಾಕಿದ್ರೆ ಮಗು ಬಾಗಿಲು ಬಡಿಯುತ್ತೆ."

"ಹಾಗಾದ್ರೆ ಸೇರಿಸ್ಬೇಡ."

ನಾಲ್ವರು ಶಿಶುವಿಹಾರ ಬೇಕು ಅಂದರು, ನಾಲ್ವರು ಇಲ್ಲದಿದ್ದರೂ ನಡೆಯುತ್ತದೆ ಅಂದರು. ಬೇಕು ಅಂದವರಿಗೆ ನಾನು ನಾಲ್ಕು ಮಾತು ಹೇಳಿಯೇ ಬಂದೆ. ನಾನು ಐವರನ್ನು ಹೆತ್ತು ಸಾಕಿದ್ದು ಯಾವ ಶಿಶುವಿಹಾರದಲ್ಲಿ ಬಿಟ್ಟು? ಅದನ್ನು ಫಾರಮ್ಮಿನಲ್ಲಿ ಬರೆಯಲಿಲ್ಲ, ನಿಯಮವೆಂದರೆ ನಿಯಮ.

ಫೆಬ್ರವರಿ 6, ಗುರುವಾರ

ಮೂರು, ನಾಲ್ಕನೇ ಮಹಡಿ ಹತ್ತಿದೆ. ಎಲ್ಲ ಕಡೆ ಬೀಗ. ಇಳಿದು ಬಂದು ಮಧ್ಯಾಹ್ನ ಮತ್ತೆ ಹತ್ತಿದೆ. ಬೀಗ. ಈ ಕಟ್ಟಡಕ್ಕೆ ಲಿಫ್ಟು ಇಲ್ಲ, ನನ್ನ ಮಂಡಿಗೆ ಕರುಣೆ ಇಲ್ಲ. ನಾಲ್ಕನೇ ಮಹಡಿಯ ಕೊನೆ ಮೆಟ್ಟಿಲಲ್ಲಿ ಕುಳಿತಾಗ ಒಂದು ವಿಷಯ ಹೊಳೆಯಿತು. ಇವರನ್ನೆಲ್ಲ ಕೇಳುವುದೇನಿದೆ? ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ. ಯಾರ ಮನೆಯ ನಲ್ಲಿ ಯಾವ ಹೊತ್ತಿಗೆ ತಿರುಗುತ್ತದೆ, ಯಾರ ಗಂಡ ಯಾವ ಮೆಟ್ಟಿಲಲ್ಲಿ ಎಡವುತ್ತಾನೆ, ಎಲ್ಲ ಗೊತ್ತು.

ಮನೆಗೆ ಬಂದು ಕಿಟಕಿಯ ಹತ್ತಿರ ಕುಳಿತು ಹನ್ನೊಂದನ್ನೂ ತುಂಬಿದೆ. ಬಸ್ಸಿನ ಕಂಡಕ್ಟರಮ್ಮನಿಗೆ ತಾಯಿ ಇದ್ದಾಳೆ, ಮಗುವನ್ನು ನೋಡಿಕೊಳ್ಳುತ್ತಾಳೆ, ಶಿಶುವಿಹಾರ ಅಗತ್ಯವಿಲ್ಲ. ಬಟ್ಟೆ ಹೊಲಿಯುವವಳು ಈಚೆಗೆ ಅಂಗಡಿಗೆ ಹೋಗುತ್ತಾಳೆ, ಆದರೆ ಮಿಷಿನ್ನು ಮನೆಯಲ್ಲೂ ಇದೆ, ಮನೆಯಲ್ಲೇ ಹೊಲಿದರೆ ಮಗು ಕಣ್ಣೆದುರೇ ಇರುತ್ತದೆ, ಅಗತ್ಯವಿಲ್ಲ. ಹೀಗೆ. ಎಲ್ಲ ಒಂದೇ ತರಹ ಇದ್ದರೆ ಅನುಮಾನ ಬರುತ್ತದೆಂದು ಒಂದಕ್ಕೆ ಮಾತ್ರ 'ಬೇಕು' ಎಂದು ಗೀಟು ಹಾಕಿದೆ. ಎರಡು ಪೆನ್ನು ಬಳಸಿದೆ.

ಹನ್ನೊಂದನೆಯದು ನಮ್ಮ ಮನೆಯದೇ. ಮಗ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಮುಖ ತೋರಿಸುತ್ತಾನೆ. ಸೊಸೆ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದಾಳೆ. ಬೆಳಿಗ್ಗೆ ಮಗುವನ್ನು ಕೆಳಗೆ ಬಿಟ್ಟು ಹೋಗುತ್ತಾಳೆ, ಒಂದು ಗಂಟೆಗೆ ನಾನು ಕರೆದು ತರುತ್ತೇನೆ. ಅದೂ ಯಾಕೆ, ಬೆಳಿಗ್ಗೆಯಿಂದಲೇ ನನ್ನ ಹತ್ತಿರ ಇರಲಿ ಎಂದರೆ ಕೇಳುವುದಿಲ್ಲ. 'ಅತ್ತೆ ನೋಡಿಕೊಳ್ಳುತ್ತಾರೆ, ಯಾವ ತೊಂದರೆಯೂ ಇಲ್ಲ' ಎಂದು ಬರೆದೆ. ಐದು ನಿಮಿಷ ಹಿಡಿಯಿತು. ಗೊತ್ತಿರುವ ಪಾಠ.

ಫೆಬ್ರವರಿ 10, ಸೋಮವಾರ

ಮೊಮ್ಮಗಳು ಫಾರಂ ತೆಗೆದುಕೊಂಡು ಹೋದಳು. ಎಣಿಸಿ ನೋಡಿ ನನ್ನ ಕೆನ್ನೆ ಹಿಂಡಿದಳು.

"ಹತ್ತೊಂಬತ್ತಕ್ಕೆ ಹತ್ತೊಂಬತ್ತು. ನಮ್ಮ ತಂಡದಲ್ಲಿ ಯಾರಿಗೂ ಹೀಗೆ ಬಂದಿಲ್ಲ ಅಜ್ಜಿ. ಮೇಡಮ್ ಕುಣೀತಾರೆ."

"ಕುಣೀಲಿ. ಕಾಯಂ ಮಾಡಿ ಆಮೇಲೆ ಕುಣೀಲಿ."

ಇಡೀ ದಿನ ಮನಸ್ಸು ಹಗುರವಾಗಿತ್ತು. ಸೊಸೆ ಮಾತ್ರ ಮೂರು ನಾಲ್ಕು ದಿನದಿಂದ ಮುಖ ಗಂಟು ಹಾಕಿಕೊಂಡಿದ್ದಾಳೆ. ಅವಳ ಮುಖವೇ ಹಾಗೆ, ದೇವರು ಅವಸರದಲ್ಲಿ ಮಾಡಿದ್ದು.

ಫೆಬ್ರವರಿ 14, ಶುಕ್ರವಾರ

ಇವತ್ತು ಸಾಯಂಕಾಲ ಬಂದಳು. ಚಹಾ ಕುಡಿಯುತ್ತ ಹೇಳಿದಳು, ನಮ್ಮ ಕಟ್ಟಡದಲ್ಲಿ ಹತ್ತೊಂಬತ್ತು ಮನೆಗೆ ಹದಿನಾಲ್ಕು ಮನೆಯವರು ಶಿಶುವಿಹಾರ ಇಲ್ಲದಿದ್ದರೂ ನಡೆಯುತ್ತದೆ ಅಂದಿದ್ದಾರೆ. ಉಳಿದ ಮೂರು ಕಟ್ಟಡಗಳಲ್ಲಿ ಎಲ್ಲರೂ ಬೇಕೇ ಬೇಕು ಅಂದಿದ್ದಾರೆ. ಮೇಡಮ್ಮಿಗೆ ಆಶ್ಚರ್ಯವಂತೆ. ಆದರೂ ಉತ್ತರ ಉತ್ತರವೇ. ಕರಡು ವರದಿಯಲ್ಲಿ ಈ ಕಟ್ಟಡದ್ದನ್ನು ಮುಚ್ಚಬಹುದು ಎಂದು ಬರೆಯುತ್ತಾರಂತೆ.

"ಮುಚ್ಚೋದು ಅಂದ್ರೆ?" ಅಂದೆ.

"ಮುಚ್ಚೋದು ಅಂದ್ರೆ ಮುಚ್ಚೋದು ಅಜ್ಜಿ. ಆ ಜಾಗನ ಬೇರೆ ಯಾರಿಗಾದ್ರೂ ಕೊಡ್ತಾರೆ."

ಕೆಳಗೆ ಮಕ್ಕಳ ಗಲಾಟೆ ಕೇಳುತ್ತಿತ್ತು. ನಾನು ಬರೆದ ಗೀಟಿಗೆ ಬಾಗಿಲು ಮುಚ್ಚುವ ಶಕ್ತಿ ಇದೆಯೆಂದು ಯಾರೂ ಮೊದಲೇ ಹೇಳಲಿಲ್ಲ. ಹೇಳಿದ್ದಳು. ಮೊದಲ ದಿನವೇ ಹೇಳಿದ್ದಳು.

ಅಷ್ಟಕ್ಕೇ ನಿಲ್ಲಲಿಲ್ಲ. ಮರುಪರಿಶೀಲನೆ ಅಂತ ಒಂದಿದೆಯಂತೆ. ಹತ್ತೊಂಬತ್ತರಲ್ಲಿ ಮೂರು ಮನೆಯನ್ನು ಚೀಟಿ ಎತ್ತಿ ಆರಿಸಿ, ಬೇರೆ ಯಾರೋ ಹೋಗಿ ಕೇಳುತ್ತಾರೆ: ನಿಮ್ಮ ಹತ್ತಿರ ನಿಜವಾಗಿ ಬಂದಿದ್ದರೇ, ಏನು ಕೇಳಿದರು ಎಂದು. ಇಪ್ಪತ್ತೈದನೇ ತಾರೀಕಿಗೆ.

"ಯಾಕೆ, ನಂಬಿಕೆ ಇಲ್ವಾ?"

"ಎಲ್ಲಾ ಕಡೆ ಮಾಡ್ತಾರೆ. ಹೋದ ವರ್ಷ ಒಬ್ಬ ಮನೆಯಲ್ಲೇ ಕೂತು ಫಾರಂ ತುಂಬಿದ್ದ. ಅವತ್ತೇ ಹೊರಗೆ ಕಳಿಸಿದ್ರು. ನಮಗೇನು ಭಯ, ನೀನು ಎಲ್ಲರನ್ನೂ ಕೇಳಿದ್ದೀಯಲ್ಲ."

ಚಹಾ ಲೋಟ ಕೈಯಲ್ಲಿ ಹಾಗೇ ಇತ್ತು. ತಣ್ಣಗಾದ ಮೇಲೆ ಚೆಲ್ಲಿದೆ.

ಫೆಬ್ರವರಿ 15, ಶನಿವಾರ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೋ ಮೆಟ್ಟಿಲು ಹತ್ತುವ ಸದ್ದಾದರೆ ಸಾಕು, ನನ್ನ ಕೈ ಹೆಗಲಿಗೆ ಹೋಗುತ್ತಿದೆ. ಅಡುಗೆಗೆ ಎರಡು ಸಲ ಉಪ್ಪು ಹಾಕಿದೆ. ಸೊಸೆ ದೂರು ಹೇಳದೆ ತಿಂದಳು.

ಫೆಬ್ರವರಿ 17, ಸೋಮವಾರ

ಒಂದು ಉಪಾಯ ಮಾಡಿದೆ. ಹನ್ನೊಂದು ಮನೆಗೂ ಹೋಗಿ, ಯಾರಾದರೂ ಬಂದು ಕೇಳಿದರೆ 'ಅಜ್ಜಿ ಬಂದಿದ್ದರು, ಇಂಥಿಂಥ ಉತ್ತರ ಕೊಟ್ಟೆ' ಎಂದು ಹೇಳಿಬಿಡಿ ಅನ್ನುವುದು. ಸುಳ್ಳಿಗೆ ಒಂದು ಕಾಲಾದರೂ ಇರಲಿ.

ಮೊದಲು ಕಂಡಕ್ಟರಮ್ಮ. ಅವಳಿಗೆ ಇವತ್ತು ರಜೆ. ಖಾಕಿ ಬಟ್ಟೆ ಒಗೆದು ಹಿಂಡುತ್ತಿದ್ದಳು.

"ಹೇಳ್ತೀನಿ ಬಿಡಿ ಅಜ್ಜಿ, ಅದಕ್ಕೇನು. ನಿಮ್ಮ ಮೊಮ್ಮಗಳು ನನಗೆ ಬೇರೇನಾ?" ಅಂದಳು. "ಆದ್ರೆ ನಾನೇನು ಉತ್ತರ ಕೊಟ್ಟಿದ್ದೀನಿ ಅಂತ ನನಗೂ ಗೊತ್ತಿರ್ಬೇಕಲ್ಲ? ಟಿಕೆಟ್ ಕೊಡದೆ ಇಳಿಸ್ತೀರಾ?"

ಹೇಳಿದೆ. ತಾಯಿ ನೋಡಿಕೊಳ್ಳುತ್ತಾಳೆ, ಶಿಶುವಿಹಾರ ಅಗತ್ಯವಿಲ್ಲ.

ಅವಳು ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟಳು. "ಅಮ್ಮ ನಾಲ್ಕು ತಿಂಗಳಾಯ್ತು ತಂಗಿ ಮನೆಗೆ ಹೋಗಿ. ಅವಳ ಬಾಣಂತನಕ್ಕೆ."

ನನಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳು ಒಬ್ಬ ಮುದುಕಿ ಮೆಟ್ಟಿಲು ಹತ್ತಿಲ್ಲ, ನಾನು ಗಮನಿಸಿಲ್ಲ. ಬಾಗಿಲಿನ ಬೀಗ ನೋಡಿಯೂ ಹೊಳೆದಿಲ್ಲ.

"ಮತ್ತೆ ಮಗು?"

"ಐದರವರೆಗೆ ಕೆಳಗೆ. ಆಮೇಲೆ ನನ್ನ ಬಸ್ಸು ಈ ರಸ್ತೆಗೇ ಬರುತ್ತೆ, ಆಯಾ ಹತ್ತಿಸಿ ಕಳಿಸ್ತಾಳೆ. ಎಂಟು ಗಂಟೆವರೆಗೆ ಡ್ರೈವರ್ ಹಿಂದಿನ ಸೀಟಲ್ಲಿ ಕೂತಿರುತ್ತೆ. ಅದೇ ದಾರಿ, ಆರು ಸಲ. ಅದಕ್ಕೆ ಎಲ್ಲಾ ಸ್ಟಾಪು ಬಾಯಿಪಾಠ ಅಜ್ಜಿ. ಇನ್ಸ್‌ಪೆಕ್ಟರ್ ಒಂದ್ಸಲ ಹಿಡಿದ. ಎರಡನೇ ಸಲ ಹಿಡಿದ್ರೆ ನೋಟೀಸು." ಬಕೆಟ್ಟು ನೋಡುತ್ತಲೇ ಅಂದಳು, "ಕೆಳಗಿನದು ಮುಚ್ಚಿದ್ರೆ ಬೆಳಿಗ್ಗೆಯಿಂದ್ಲೇ ಬಸ್ಸಲ್ಲಿ ಕೂರಿಸ್ಕೋಬೇಕು. ನಾನು ಬೇಡ ಅಂದ್ನಾ?"

"ನೀನಲ್ಲ, ನಾನು ಅಂದೆ."

ಬಂದ ಕೆಲಸ ಬಿಟ್ಟು, ಮನೆಯಲ್ಲಿ ಉಳಿದಿದ್ದ ಖಾಲಿ ಫಾರಂ ತಂದು ಮೂವತ್ತೊಂದು ಪ್ರಶ್ನೆಯನ್ನೂ ಕೇಳಿ ಬರೆದುಕೊಂಡು ಬಂದೆ. ಯಾಕೆಂದು ಗೊತ್ತಿಲ್ಲ. ಕೈ ಸುಮ್ಮನಿರಲಿಲ್ಲ.

ಫೆಬ್ರವರಿ 18, ಮಂಗಳವಾರ

ಬಟ್ಟೆ ಹೊಲಿಯುವವಳ ಮನೆ. ಸಾಯಂಕಾಲ ಆರಕ್ಕೆ ಮೆಟ್ಟಿಲಲ್ಲೇ ಹಿಡಿದೆ.

ಒಳಗೆ ಮಿಷಿನ್ನಿನ ಮೇಲೆ ಹೊದಿಕೆ ಹೊದಿಸಿ ಅದರ ಮೇಲೆ ಪಾತ್ರೆ ಜೋಡಿಸಿದ್ದಾಳೆ. ಹೋದ ವರ್ಷ ಮಗು ಸೂಜಿಯ ಕೆಳಗೆ ಕೈ ಇಟ್ಟಿತಂತೆ. ಬೆರಳಿನಲ್ಲಿ ಸೂಜಿ ಮುರಿದು ಕುಳಿತಿತ್ತಂತೆ.

"ಅವತ್ತಿಂದ ಮನೆಯಲ್ಲಿ ಮಿಷಿನ್ ತುಳೀಲಿಲ್ಲ ಅಜ್ಜಿ. ಮಗುನ ಕೆಳಗೆ ಬಿಡ್ತೀನಿ, ಅಂಗಡೀಲಿ ಕೂತು ಹೊಲೀತೀನಿ."

ಹೋದ ವರ್ಷ ಆ ಮಗು ಕಿರುಚಿದ್ದು ನನಗೆ ಚೆನ್ನಾಗಿ ನೆನಪಿದೆ. ತಾಯಿ ಹೊಡೆದಳು ಅಂದುಕೊಂಡೆ. ಅಂದುಕೊಂಡು ಸುಮ್ಮನಿದ್ದರೆ ಆಗುತ್ತಿತ್ತು. ಇಡೀ ಮಹಡಿಗೆ ಹೇಳಿದೆ, ಇವಳದು ರಾಕ್ಷಸಿ ಕೈ ಎಂದು.

"ನಿಮ್ಮನ್ನ ಒಂದು ಕೇಳ್ಲಾ?" ಅಂದಳು ನಾನು ಏಳುವಾಗ. "ಆಗ ಯಾಕೆ ಎಲ್ರೂ ನನ್ನ ಹಂಗೆ ನೋಡ್ತಿದ್ರು?"

ಪ್ರಶ್ನೆ ಕೇಳಲು ಹೋದವಳು ನಾನು. ಉತ್ತರ ನುಂಗಿಕೊಂಡು ಇಳಿದು ಬಂದೆ. ಮೂರನೇ ಮಹಡಿಯವರೆಗೆ ಬಂದು, ಮತ್ತೆ ಹತ್ತಿ ಹೋಗಿ, ಹೇಳಿದೆ. ಅವಳು ಬಾಗಿಲು ಹಾಕಿಕೊಂಡಳು. ಹಾಕಿಕೊಳ್ಳಲಿ.

ಫೆಬ್ರವರಿ 20, ಗುರುವಾರ

ನಿನ್ನೆ ನಾಲ್ಕು ಮನೆ, ಇವತ್ತು ಎರಡು. ಎಲ್ಲರೂ ಕತ್ತಲಾಗುವ ಹೊತ್ತಿಗೆ ಸಿಗುತ್ತಾರೆ. ಹಗಲು ಸಿಗದವರಿಗೇ ಹಗಲು ಮಗು ನೋಡಿಕೊಳ್ಳುವವರು ಬೇಕಾಗಿರುವುದು. ಇಷ್ಟು ಸಣ್ಣ ವಿಷಯ ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ.

'ಬಂದಿದ್ದೆ ಅಂತ ಹೇಳಿ' ಎನ್ನುವ ಮಾತನ್ನು ಕೊನೆಗೆ ಹೇಳೋಣವೆಂದು ಇಟ್ಟುಕೊಳ್ಳುತ್ತೇನೆ, ಹೇಳಲು ಮರೆತು ಬರುತ್ತೇನೆ. ವಯಸ್ಸಾಯಿತು. ಮಾತೂ ಕಡಿಮೆಯಾಗಿದೆ, ಗಂಟಲು ಕೆಟ್ಟಿರಬೇಕು. ಒಬ್ಬಳ ಮನೆಯಲ್ಲಿ ಒಂದು ಗಂಟೆ ಕುಳಿತಿದ್ದೆ, ಅವಳು ಮಾತಾಡುತ್ತಲೇ ಇದ್ದಳು. ಕೊನೆಗೆ, "ಅಜ್ಜಿ, ನಿಮಗೆ ಹುಷಾರಿಲ್ವಾ?" ಎಂದು ಕೇಳಿದಳು.

ಇನ್ನು ಐದು ದಿನ. ಊಟ ಸೇರುತ್ತಿಲ್ಲ.

ಫೆಬ್ರವರಿ 21, ಶುಕ್ರವಾರ

ಹತ್ತು ಮನೆ ಮುಗಿಯಿತು. ಹತ್ತರಲ್ಲಿ ಒಂಬತ್ತು ಮನೆಗೆ ಶಿಶುವಿಹಾರ ಬೇಕು. ಬೇಡವೆಂದದ್ದು ಒಬ್ಬಳೇ, ನಾನು 'ಬೇಕು' ಎಂದು ಗೀಟು ಹಾಕಿದ್ದು ಅವಳಿಗೇ. ಕುರುಡ ಕಲ್ಲೆಸೆದರೂ ಇದಕ್ಕಿಂತ ಹೆಚ್ಚು ಗುರಿ ಮುಟ್ಟುತ್ತಿತ್ತು.

ಉಳಿದದ್ದು ನಮ್ಮ ಮನೆ. ಸೊಸೆ ಕೆಲಸದಿಂದ ಬಂದು ಕಾಲು ತೊಳೆದು ಕುಳಿತ ಮೇಲೆ ಹಾಳೆ ಹಿಡಿದು ಎದುರಿಗೆ ಕುಳಿತೆ. ಇವಳ ಕೈಯ ಚರ್ಮ ಸೋಪಿನ ನೀರಿಗೆ ಸುಲಿದಿದೆ. ನೋಡಿರಲಿಲ್ಲ ಎಂದಲ್ಲ, ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ನನ್ನ ಫಾರಂ ನೀವು ಆಗ್ಲೇ ತುಂಬಿದ್ದೀರಲ್ಲ ಅತ್ತೆ," ಅಂದಳು.

ಹಾಳೆ ಕೆಳಗಿಟ್ಟೆ.

"ಕಿಟಕಿ ಹತ್ರ ಬಿಟ್ಟಿದ್ರಿ ಅವತ್ತು. ಓದ್ದೆ. ಅತ್ತೆ ನೋಡಿಕೊಳ್ಳುತ್ತಾರೆ, ಯಾವ ತೊಂದರೆಯೂ ಇಲ್ಲ."

"ತಪ್ಪಿದ್ರೆ ಅವತ್ತೇ ಹೇಳ್ಬೇಕಿತ್ತು ನೀನು. ಬಾಯಿಗೆ ಬೀಗ ಹಾಕಿತ್ತಾ?"

"ನೀವು ಕೇಳ್ಲಿಲ್ಲ."

"ಈಗ ಕೇಳ್ತಿದ್ದೀನಿ."

ಅವಳು ಮಗುವಿನ ಅಂಗಿ ಮಡಚಿದಳು. ಬಿಚ್ಚಿ ಮತ್ತೆ ಮಡಚಿದಳು. "ನಿಮಗೆ ಹೇಳಕ್ಕಾಗಲ್ಲ ಅತ್ತೆ. ಇಷ್ಟ ಇಲ್ದಿದ್ರೆ ಉತ್ತರ ಕೊಡ್ಬೇಕಾಗಿಲ್ಲ ಅಂತ ಮೇಲೇ ಬರೆದಿದೆ. ಅದನ್ನೂ ಓದ್ದೆ."

ನಾಲ್ಕು ವರ್ಷದಿಂದ ಒಂದೇ ಸೂರಿನ ಕೆಳಗಿದ್ದೇವೆ. ಇಡೀ ಕಟ್ಟಡ ನನಗೆ ಬಾಯಿಬಿಟ್ಟಿತು, ನನ್ನ ಮನೆ ಬಿಡಲಿಲ್ಲ.

ಫೆಬ್ರವರಿ 22, ಶನಿವಾರ

ಹೇಳಿಬಿಟ್ಟೆ.

ಮೊಮ್ಮಗಳು ಬಂದಿದ್ದಳು. ಕಾಯಂ ಆದರೆ ಹಾಸ್ಟೆಲ್ಲು ಬಿಟ್ಟು ತಾಯಿಯ ಜೊತೆ ಒಂದು ಮನೆ ಹಿಡಿಯುವ ಮಾತಾಡುತ್ತಿದ್ದಳು. ಕೆಳಗಿನ ಶಿಶುವಿಹಾರದ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆವು. ಒಳಗೆ ಮಕ್ಕಳು ಮಲಗಿದ್ದವು. ಗಾಜಿನಿಂದ ಸಾಲಾಗಿ ಪಾದಗಳು ಮಾತ್ರ ಕಾಣುತ್ತಿದ್ದವು.

"ಎಷ್ಟು?" ಅಂದಳು.

"ಹನ್ನೊಂದು."

"ಅತ್ತೆಯದೂ?" ನನ್ನ ಸೊಸೆ ಅವಳಿಗೆ ಅತ್ತೆಯಾಗಬೇಕು.

"ಅದು ಎಲ್ಲಕ್ಕಿಂತ ಬೇಗ ಬರೆದೆ."

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಹೇಳಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. "ಮಂಡಿ ನೋವು, ಆಗಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಜ್ಜಿ," ಅಂದಳು ಅಷ್ಟೇ.

ಹೊಸದಾಗಿ ಬರೆದ ಹತ್ತು ಫಾರಂ ಮಡಿಲಿಗೆ ಹಾಕಿದೆ. ಮೊದಲನೆಯದನ್ನು ಓದಿದಳು, ಎರಡನೆಯದನ್ನು ಓದಿದಳು. ಬಸ್ಸಿನಲ್ಲಿ ಕೂರುವ ಮಗುವಿನ ವಿಷಯ ಬಂದಾಗ ಕಣ್ಣೊರೆಸಿಕೊಂಡಳು.

"ಇದು ನಿಜ ಅಂತ ನಂಗೆ ಗೊತ್ತಾಗುತ್ತೆ. ಆದ್ರೆ ಅದೇ ಕೈ ಮೊದಲು ಸುಳ್ಳು ಬರೆದಿದೆ. ಇದನ್ನ ಯಾರು ನಂಬ್ತಾರೆ?"

ಆಗ ನಾನು ಇನ್ನೊಂದು ದಾರಿ ಹೇಳಿದೆ. ನಾಚಿಕೆಗೆಟ್ಟವಳು ನಾನು, ಆದರೂ ಹೇಳಿದೆ. "ನಾನು ಒಂದು ಮಾತು ಹೇಳಿದ್ರೆ ಹತ್ತೂ ಜನ 'ಅಜ್ಜಿ ಬಂದಿದ್ರು' ಅಂತಾರೆ. ಚೀಟಿಯಲ್ಲಿ ಯಾರು ಬಂದ್ರೂ ನಿನ್ನ ಕೆಲಸಕ್ಕೆ ಏನೂ ಆಗಲ್ಲ."

ಅವಳು ಗಾಜಿನ ಕಡೆ ನೋಡಿದಳು. "ಆಗ ಇದು ಮುಚ್ಚುತ್ತೆ."

"ಗೊತ್ತು. ನೀನು ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ. ಈ ಸಲ ನಾನು ಬರೆಯಲ್ಲ."

ಎದ್ದು ಹತ್ತು ಫಾರಮ್ಮನ್ನೂ ಬ್ಯಾಗಿಗೆ ಹಾಕಿಕೊಂಡು, "ಸೋಮವಾರ ಮೇಡಮ್ ಹತ್ರ ಹೋಗ್ತೀನಿ," ಎಂದು ಹೊರಟಳು. ಗೇಟಿನ ಹತ್ತಿರ ತಿರುಗಿ ನೋಡುತ್ತಾಳೆಂದು ನೋಡಿದೆ. ನೋಡಲಿಲ್ಲ.

ಫೆಬ್ರವರಿ 24, ಸೋಮವಾರ

ಫೋನು ಬರಲಿಲ್ಲ. ನಾನು ಮಾಡಲಿಲ್ಲ.

ಫೆಬ್ರವರಿ 26, ಬುಧವಾರ

ಮೇಡಮ್ ನನ್ನನ್ನೇ ಕರೆಸಿದ್ದರು. ಹಾಳೆಯ ರಾಶಿ ಮೇಜಿನ ಮೇಲೆ, ಕುರ್ಚಿಯ ಮೇಲೆ, ಕಿಟಕಿಯ ಮೇಲೆ. ನನ್ನನ್ನು ಕೂರಿಸಲು ಒಂದು ರಾಶಿಯನ್ನು ನೆಲಕ್ಕೆ ಇಳಿಸಿದರು. ಅಷ್ಟೂ ಯಾರ ಯಾರದೋ ಮನೆಯ ಉತ್ತರ. ಮೊಮ್ಮಗಳು ಗೋಡೆಗೆ ಒರಗಿ ನಿಂತಿದ್ದಳು, ನಾಲ್ಕು ದಿನದಲ್ಲಿ ಮುಖ ಬಾಡಿ ಇಷ್ಟಾಗಿತ್ತು.

"ಯಾಕೆ ಹಾಗ್ ಮಾಡಿದ್ರಿ ಅಮ್ಮಾ?" ಅಂದರು ಮೇಡಮ್. ದನಿ ಮೆತ್ತಗಿತ್ತು, ಅದೇ ಭಯ.

"ಮೆಟ್ಟಿಲು ಹತ್ತೋಕಾಗ್ಲಿಲ್ಲ. ಅದು ಅರ್ಧ. ಇನ್ನರ್ಧ, ನನಗೆ ಎಲ್ಲಾ ಗೊತ್ತು ಅನ್ಕೊಂಡಿದ್ದೆ."

"ನಿಮ್ಮ ಮನೆ ಫಾರಮ್ಮಿಗೆ ಮೆಟ್ಟಿಲು ಇರ್ಲಿಲ್ಲವಲ್ಲ. ಸೊಸೆಯನ್ನ ಯಾಕೆ ಕೇಳ್ಲಿಲ್ಲ?"

ಬಾಯಿಗೆ ಬಂದ ಉತ್ತರ ಒಂದಿತ್ತು. ಬಿಟ್ಟೆ. "ಕೆಳಗಿನದೇ ಬೇಕು ಅಂತ ಅವಳು ಹೇಳ್ಬಿಟ್ರೆ ಅನ್ನೋ ಭಯ ಇತ್ತೇನೋ. ಮಗು ನೋಡ್ಕೊಳ್ಳೋದು ಬಿಟ್ರೆ ಆ ಮನೇಲಿ ನಾನು ಇನ್ಯಾತಕ್ಕೆ?"

ಮೇಡಮ್ ಬರೆದುಕೊಳ್ಳುತ್ತಿದ್ದರು.

"ಏನ್ ಬರೀತಿದ್ದೀರಿ?"

"ನೀವು ಹೇಳಿದ್ದನ್ನೇ."

ಮೊಮ್ಮಗಳ ಕಡೆ ತಿರುಗಿ ಅವರು ಹೇಳಿದ್ದು: ಸ್ವಂತ ಅಜ್ಜಿಯೆಂದು ನಂಬಿ, ಒಂದು ಮನೆಯನ್ನೂ ಹೋಗಿ ನೋಡದೆ ತಂದದ್ದು ನಿನ್ನ ತಪ್ಪು, ಅವರದಲ್ಲ. ಅವಳು "ಹೌದು ಮೇಡಮ್" ಅಂದಳು. ಆ ಎರಡು ಶಬ್ದ ಕೇಳುವುದಕ್ಕಿಂತ ನೆಲ ಬಾಯಿಬಿಟ್ಟಿದ್ದರೆ ಸುಲಭವಿತ್ತು. ನಡುವೆ ಬಾಯಿ ಹಾಕಲು ಹೋದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿತು.

ಮಾರ್ಚ್ 1, ಶನಿವಾರ

ಕೆಲಸ ಹೋಗಲಿಲ್ಲ, ಕಾಯಂ ಕೂಡ ಆಗಲಿಲ್ಲ. ಆರು ತಿಂಗಳು ಮುಂದಕ್ಕೆ ಹಾಕಿದ್ದಾರೆ. ಅಲ್ಲಿಯವರೆಗೆ ಮನೆ ಮನೆಗೆ ಹೋಗುವಂತಿಲ್ಲ, ಕಚೇರಿಯಲ್ಲಿ ಕುಳಿತು ಬೇರೆಯವರು ತಂದ ಫಾರಂಗಳನ್ನು ಕಂಪ್ಯೂಟರಿಗೆ ಹಾಕಬೇಕು. ತಾನೇ ಬಂದು ಹೇಳಿದ್ದರಿಂದ ಇಷ್ಟಕ್ಕೆ ಬಿಟ್ಟರಂತೆ. ತಾಯಿಯ ಜೊತೆ ಮನೆ ಹಿಡಿಯುವುದೂ ಆರು ತಿಂಗಳು ಮುಂದಕ್ಕೆ ಹೋಯಿತು.

ನಮ್ಮ ಕಟ್ಟಡದ ಹತ್ತೊಂಬತ್ತು ಫಾರಮ್ಮೂ ರದ್ದು. ಬೇರೆ ಒಬ್ಬರು ಭಾನುವಾರ ಮತ್ತು ಸಾಯಂಕಾಲಗಳಲ್ಲಿ ಬಂದು ಮೊದಲಿನಿಂದ ಕೇಳುತ್ತಾರೆ. ಅದು ಮುಗಿಯುವವರೆಗೆ ಶಿಶುವಿಹಾರದ ಬಾಗಿಲಿಗೆ ಯಾರೂ ಕೈ ಹಚ್ಚುವಂತಿಲ್ಲ.

ಇಷ್ಟನ್ನೂ ಫೋನಿನಲ್ಲಿ ಹೇಳಿದಳು. ಕೊನೆಗೆ, "ಮಂಡಿಗೆ ಎಣ್ಣೆ ಹಚ್ಕೊಂಡ್ಯಾ?" ಅಂದಳು. ಫೋನು ಇಟ್ಟು ಎಣ್ಣೆಯ ಸೀಸೆ ಹುಡುಕಿದೆ.

ಮಾರ್ಚ್ 9, ಭಾನುವಾರ

ಹೊಸಬಳು ಇವತ್ತು ನಮ್ಮ ಮನೆಗೆ ಬಂದಳು. ಎತ್ತರದ ಹೆಂಗಸು, ದಪ್ಪ ಕನ್ನಡಕ. ನನ್ನ ಕಥೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಮಸ್ಕಾರ ಮಾಡಿದಳು.

"ಅಜ್ಜಿ, ಇವರೊಬ್ಬರ ಹತ್ರಾನೇ ಮಾತಾಡ್ಬೇಕು. ಸ್ವಲ್ಪ ಹೊರಗಿರ್ತೀರಾ?"

ಮಗುವನ್ನು ಎತ್ತಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ನನ್ನ ಮನೆಯ ಬಾಗಿಲು ನನ್ನ ಹಿಂದೆ ಮುಚ್ಚಿಕೊಂಡಿತು. ಕಿವಿ ಕೊಟ್ಟರೆ ಕೇಳುತ್ತಿತ್ತೇನೋ. ಮಗುವಿನ ಜೊತೆ ಜೋರಾಗಿ ಮಾತಾಡುತ್ತ ಕುಳಿತೆ.

ಕಂಡಕ್ಟರಮ್ಮ ಇಳಿದು ಬಂದಳು. "ಏನಜ್ಜಿ, ಸೊಸೆ ಹೊರಗೆ ಹಾಕಿದ್ಲಾ?"

"ಹೌದು. ಒಳಗೆ ನನ್ನ ಪರೀಕ್ಷೆ ನಡೀತಿದೆ. ಬರೀತಿರೋದು ಅವಳು."

"ಪಾಸಾಗ್ತೀರಾ?"

"ಪೇಪರು ಕಷ್ಟ ಇದೆ ಅಂತ ಸುದ್ದಿ."

ಹೊಲಿಗೆಯವಳೂ ಹತ್ತಿ ಹೋದಳು. ಮಾತಾಡಲಿಲ್ಲ. ಆದರೆ ಮಗುವಿನ ಕೆನ್ನೆ ಮುಟ್ಟಿ ಹೋದಳು.

ಐವತ್ತು ನಿಮಿಷವಾಯಿತು. ನಾಲ್ಕು ವರ್ಷದಲ್ಲಿ ಇವಳು ನನ್ನ ಹತ್ತಿರ ಒಟ್ಟಿಗೆ ಹತ್ತು ನಿಮಿಷ ಮಾತಾಡಿದ್ದಿಲ್ಲ. ನಡುವೆ ಒಂದು ಸಲ ನಗು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಕನ್ನಡಕದವಳು ಹೋದ ಮೇಲೆ ಸೊಸೆ ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಾಗಿತ್ತು.

"ಒಳಗೆ ಬನ್ನಿ ಅತ್ತೆ. ಮೆಟ್ಟಿಲು ತಣ್ಣಗಿದೆ."

ಚಹಾ ಮಾಡಿದಳು. ಲೋಟ ಕೊಟ್ಟು ನಿಂತೇ ಇದ್ದಳು. "ನಾಳೆಯಿಂದ ಮಗು ಸಾಯಂಕಾಲದವರೆಗೆ ಕೆಳಗೇ ಇರಲಿ. ಕೆಲಸ ಮುಗಿಸ್ಕೊಂಡು ನಾನೇ ಕರ್ಕೊಂಡು ಬರ್ತೀನಿ."

ನಾಲಿಗೆಯ ತುದಿಯಲ್ಲಿ ಮೂರು ಉತ್ತರ ಸಿದ್ಧವಿದ್ದವು. ನನ್ನ ಕಣ್ಣು ಮಂಜಾಯಿತೆಂದೋ, ಕೈ ನಡುಗುತ್ತದೆಂದೋ, ನನ್ನ ಬಾಯಿಯ ಮಾತು ಮಗು ಕಲಿಯುತ್ತದೆಂದೋ. ಯಾವುದು ನಿಜವೋ ನನಗೆ ಗೊತ್ತಿಲ್ಲ.

"ಯಾಕೆ?" ಎಂದು ಕೇಳಿದೆ. ಕೇಳಿ ಸುಮ್ಮನಾದೆ.

ಅವಳು ನನ್ನ ಮುಖವನ್ನೇ ನೋಡಿದಳು, ನಾನು ಇನ್ನೇನೋ ಹೇಳುತ್ತೇನೆಂದು ಕಾಯುವ ಹಾಗೆ. ನಾನು ಹೇಳಲಿಲ್ಲ. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಎದುರಿಗೆ ಕುಳಿತಳು, ಹೇಳತೊಡಗಿದಳು. ಚಹಾ ಆರಿತು. ಮಗು ನೆಲದ ಮೇಲೆ ನಿದ್ದೆಹೋಯಿತು.

ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳದು.